ರಾತ್ರಿಯಿಡೀ ಸರ್ವರ್ ಬಾಗಿಲು ಬಡಿಯೋರು ಯಾರು? ನಿಮ್ಮ ಅಂಗಡಿ ಸಿಸಿಟಿವಿಗೂ ಇದಕ್ಕೂ ಏನು ಸಂಬಂಧ?

ಶಟರ್ ಎಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಮನೆಗೆ ಹೋಗ್ತೀರಿ. ಆದರೆ ಅಂಗಡಿಯ ಒಳಗೆ ಕ್ಯಾಮೆರಾ, ಅದರ ಡಿವಿಆರ್ ಪೆಟ್ಟಿಗೆ, ವೈಫೈ ರೂಟರ್ ಇವೆಲ್ಲ ಬೆಳಗಿನವರೆಗೂ ಆನ್ ಆಗಿಯೇ ಇರುತ್ತವೆ. ಇಂಟರ್‌ನೆಟ್ ಕಡೆಯಿಂದ ಅವಕ್ಕೂ ಒಂದು ಬಾಗಿಲಿದೆ. ಆ ಬಾಗಿಲಿಗೆ ಹಾಕಿರೋ ಬೀಗ ಎಂಥದ್ದು ಅಂತ ನೋಡಿದವರು ಕಡಿಮೆ.

ಈ ಬಾಗಿಲನ್ನು ಬಡಿಯೋರು ಯಾರು, ಬಡಿದವರನ್ನು ಪತ್ತೆ ಹಚ್ಚೋದು ಹೇಗೆ, ಎಲ್ಲಿ ದೂರು ಕೊಡಬೇಕು? ಇಲ್ಲಿದೆ ಸರಳ ವಿವರಣೆ.

ಬಡಿಯೋದು ಅಂದ್ರೆ ಏನು?

ಸರ್ವರ್ ಅಂದ್ರೆ ದಿನದ 24 ಗಂಟೆಯೂ ಆನ್ ಇದ್ದು, ಕೇಳಿದವರಿಗೆ ಉತ್ತರ ಕೊಡೋ ಕಂಪ್ಯೂಟರ್. ಬ್ಯಾಂಕ್ ಆ್ಯಪ್, ಬಸ್ ಟಿಕೆಟ್, ಪರೀಕ್ಷೆ ರಿಸಲ್ಟ್ ಎಲ್ಲದರ ಹಿಂದೆಯೂ ಸರ್ವರ್ ಇರುತ್ತೆ. ಅದನ್ನು ನೋಡಿಕೊಳ್ಳೋ ಎಂಜಿನಿಯರ್ ಅದರ ಎದುರಿಗೇ ಕೂತಿರಲ್ಲ. ದೂರದಿಂದಲೇ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಒಳಗೆ ಹೋಗ್ತಾರೆ. ಹೀಗೆ ಒಳಹೋಗೋ ದಾರಿಗಳಿಗೆ ನಂಬರ್ ಇದೆ, ಅದನ್ನು ಪೋರ್ಟ್ ಅಂತಾರೆ. ಹಳೇ ಕಾಲದ ಟೆಲ್‌ನೆಟ್‌ಗೆ 23, ಇವತ್ತು ಬಳಸೋ ಎಸ್‌ಎಸ್‌ಎಚ್‌ಗೆ 22, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ಗೆ 3389.

ಎಂಜಿನಿಯರ್ ಬರೋ ದಾರಿಯಲ್ಲೇ ಕಳ್ಳನೂ ಬರಬಹುದು. ಪಾಸ್‌ವರ್ಡ್ ಗೊತ್ತಿಲ್ಲ ಅಂದ್ರೆ ಊಹೆ ಮಾಡ್ತಾನೆ: ಅಡ್ಮಿನ್, 1234, 123456, ಪಾಸ್‌ವರ್ಡ್. ಒಂದು ಆಗಲಿಲ್ಲ ಅಂದ್ರೆ ಇನ್ನೊಂದು. ಇದನ್ನು ಕೂತು ಟೈಪ್ ಮಾಡೋದು ಮನುಷ್ಯ ಅಲ್ಲ, ಪ್ರೋಗ್ರಾಂ. ಅದಕ್ಕೆ ಸುಸ್ತು ಇಲ್ಲ, ನಿದ್ದೆ ಇಲ್ಲ.

"ನಮ್ಮೂರಿನ ಸಣ್ಣ ಅಂಗಡಿ ಯಾರಿಗೆ ಬೇಕು?" ಅನ್ನೋ ಪ್ರಶ್ನೆ ಸಹಜ. ಉತ್ತರ ಏನಂದ್ರೆ, ಅವರು ಯಾರ ಅಂಗಡಿ ಅಂತ ನೋಡೋದೇ ಇಲ್ಲ. ಇಂಟರ್‌ನೆಟ್‌ನ ಹಳೆಯ ಮಾದರಿಯ ಐಪಿ ಅಡ್ರೆಸ್‌ಗಳು ಒಟ್ಟು ಸುಮಾರು 429 ಕೋಟಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಝಡ್‌ಮ್ಯಾಪ್ ಅನ್ನೋ ಪ್ರೋಗ್ರಾಂ ಮಾಡಿದರು. ಒಳ್ಳೆ ಲೈನ್ ಇದ್ದರೆ ಒಂದೇ ಕಂಪ್ಯೂಟರ್‌ನಿಂದ 45 ನಿಮಿಷದೊಳಗೆ ಆ ಎಲ್ಲ ಅಡ್ರೆಸ್‌ಗಳ ಒಂದು ಪೋರ್ಟ್ ಬಡಿದು ಬರಬಹುದು ಅಂತ ತೋರಿಸಿಕೊಟ್ಟರು. ಅವರದ್ದು ಸಂಶೋಧನೆ. ಅದೇ ಕೆಲಸವನ್ನು ಕಳ್ಳರೂ ಮಾಡ್ತಾರೆ. ಬೀದಿಯ ಎಲ್ಲ ಮನೆಗಳ ಚಿಲಕ ಎಳೆದು ನೋಡ್ತಾ ಹೋಗೋದು, ತೆರೆದುಕೊಂಡದ್ದು ಅವರ ಪಾಲು.

ಲಾಗ್ ಅಂದ್ರೆ ಸರ್ವರ್‌ನ ಕಿರ್ದಿ ಪುಸ್ತಕ

ಅಂಗಡಿಯಲ್ಲಿ ದಿನದ ವ್ಯವಹಾರವೆಲ್ಲ ಕಿರ್ದಿಗೆ ಹತ್ತುತ್ತೆ. ಸರ್ವರ್ ಕೂಡ ಹಾಗೇ. ಯಾರು ಬಂದರು, ಎಷ್ಟು ಗಂಟೆಗೆ ಬಂದರು, ಯಾವ ಹೆಸರು ಹೇಳಿದರು, ಪಾಸ್‌ವರ್ಡ್ ಸರಿ ಇತ್ತಾ ತಪ್ಪಾ, ಎಲ್ಲವನ್ನೂ ಒಂದೊಂದು ಸಾಲಾಗಿ ಬರೆದಿಡುತ್ತೆ. ಇದೇ ಲಾಗ್.

ಉದಾಹರಣೆಗೆ ಒಂದು ಸಾಲು ಹೀಗಿರುತ್ತೆ: ರಾತ್ರಿ 2 ಗಂಟೆ 14 ನಿಮಿಷ 9 ಸೆಕೆಂಡ್, ಯೂಸರ್ 'ರೂಟ್', ತಪ್ಪು ಪಾಸ್‌ವರ್ಡ್, 203.0.113.45ರಿಂದ, ಪೋರ್ಟ್ 51822. (ಈ ಐಪಿ ಯಾರದ್ದೂ ಅಲ್ಲ, ಉದಾಹರಣೆ ಕೊಡೋಕೆ ಅಂತಲೇ ಮೀಸಲಿಟ್ಟ ನಂಬರ್.) ರೂಟ್ ಅಂದ್ರೆ ಸರ್ವರ್‌ನ ಯಜಮಾನನ ಖಾತೆ. ಇಂಥ ಸಾಲು ಒಂದೇ ಇದ್ದರೆ ಯಾರೋ ಪಾಸ್‌ವರ್ಡ್ ಮರೆತಿದ್ದಾರೆ ಅಂದುಕೊಳ್ಳಬಹುದು. ಅದೇ ಐಪಿಯಿಂದ ಎರಡೆರಡು ಸೆಕೆಂಡಿಗೆ ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್ ಅಂತ ಹೆಸರು ಬದಲಾಗ್ತಾ ಹೋದರೆ ಮರೆವಿನ ಮಾತೇ ಇಲ್ಲ.

75 ಸೆಂಟ್ ಲೆಕ್ಕ ತಪ್ಪಿದ್ದಕ್ಕೆ ಸಿಕ್ಕಿಬಿದ್ದ ಕಳ್ಳ

ಲಾಗ್ ನೋಡಿ ಕಳ್ಳನನ್ನು ಹಿಡಿದ ಹಳೇ ಕಥೆ 1986ರದ್ದು. ಅಮೆರಿಕದ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಲ್ಲಿ ಕಂಪ್ಯೂಟರ್ ಬಳಸಿದ್ದಕ್ಕೆ ಬಿಲ್ ಹಾಕುತ್ತಿದ್ದರು. ಒಂದು ತಿಂಗಳು ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಒಂದು ಡಾಲರ್ ಕೂಡ ಅಲ್ಲ. ಖಗೋಳ ವಿಜ್ಞಾನ ಓದಿ ಅಲ್ಲಿ ಸಿಸ್ಟಂ ನೋಡಿಕೊಳ್ಳೋ ಕೆಲಸಕ್ಕೆ ಸೇರಿದ್ದ ಕ್ಲಿಫರ್ಡ್ ಸ್ಟೋಲ್ ಅದನ್ನು ಹಾಗೇ ಬಿಡಲಿಲ್ಲ. ಹುಡುಕಿದಾಗ, ಬಿಲ್ಲಿಂಗ್ ಅಡ್ರೆಸ್ ಇಲ್ಲದ ಒಬ್ಬ ಯೂಸರ್ ಒಳಗೆ ಓಡಾಡ್ತಿರೋದು ಗೊತ್ತಾಯ್ತು.

ಸ್ಟೋಲ್ ಅವನನ್ನು ಹೊರಗೆ ಹಾಕಲಿಲ್ಲ. ಒಳಬರೋ ಲೈನ್‌ಗಳಿಗೆ ಪ್ರಿಂಟರ್ ಜೋಡಿಸಿ, ಅವನು ಟೈಪ್ ಮಾಡಿದ್ದನ್ನೆಲ್ಲ ಕಾಗದದ ಮೇಲೆ ಇಳಿಸಿಕೊಂಡರು. ದೂರು ಕೊಡೋಕೆ ಹೋದರೆ, ನಷ್ಟ ಬರೀ 75 ಸೆಂಟ್ ಅಂತ ಎಫ್‌ಬಿಐ ಮೊದಲು ಆಸಕ್ತಿಯನ್ನೇ ತೋರಿಸಲಿಲ್ಲ. ಆದರೆ ಆ ಕಳ್ಳ ಬರ್ಕ್ಲಿಯನ್ನು ಮೆಟ್ಟಿಲು ಮಾಡಿಕೊಂಡು ಸುಮಾರು 450 ಕಂಪ್ಯೂಟರ್‌ಗಳಿಗೆ ಪ್ರಯತ್ನಿಸಿ, 30ಕ್ಕೂ ಹೆಚ್ಚು ಕಡೆ ಒಳಹೊಕ್ಕಿದ್ದ. ಕಂಪನಿಯವರು ಮಾರುವಾಗ ಇಟ್ಟ ಪಾಸ್‌ವರ್ಡನ್ನೇ ಹಾಗೇ ಬಿಟ್ಟಿದ್ದ ಕಡೆ ಅವನ ಕೆಲಸ ಸುಲಭವಾಗಿತ್ತು.

ಕೊನೆಗೆ ಸ್ಟೋಲ್ ರಕ್ಷಣಾ ಯೋಜನೆಯದ್ದು ಅನ್ನೋ ಹಾಗೆ ಸುಳ್ಳು ಫೈಲ್‌ಗಳನ್ನು ಇಟ್ಟರು. ಅದನ್ನು ಓದೋಕೆ ಅವನು ಬಹಳ ಹೊತ್ತು ಲೈನ್‌ನಲ್ಲೇ ಉಳಿದ, ಅಷ್ಟರಲ್ಲಿ ಟ್ರೇಸ್ ಆಯ್ತು. ಸಿಕ್ಕಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕಸ್ ಹೆಸ್. ಕದ್ದ ಮಾಹಿತಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರಾಟವಾಗ್ತಿತ್ತು. ಸುಳ್ಳು ಸರಕು ಇಟ್ಟು ಕಳ್ಳನನ್ನು ಕೂರಿಸೋ ಈ ಉಪಾಯಕ್ಕೆ ಈಗ ಹನಿಪಾಟ್ ಅಂತ ಹೆಸರು. ಇವತ್ತಿಗೂ ಪ್ರಪಂಚದಾದ್ಯಂತ ಬಡಿಯೋರನ್ನು ಲೆಕ್ಕ ಹಾಕೋದು ಇದರಿಂದಲೇ.

2016: ಕ್ಯಾಮೆರಾಗಳೇ ಕಳ್ಳರಾದಾಗ

ಅಂಗಡಿಯವರಿಗೆ ನೇರವಾಗಿ ಸಂಬಂಧಪಟ್ಟ ಕಥೆ ಇದು. 2016ರ ಆಗಸ್ಟ್‌ನಲ್ಲಿ ಮಿರಾಯ್ ಅನ್ನೋ ದುಷ್ಟ ಪ್ರೋಗ್ರಾಂ ಹರಡತೊಡಗಿತು. ಅದು ಹುಡುಕಿದ್ದು ಸಿಸಿಟಿವಿ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು. ಅದರ ಬಳಿ ಇದ್ದದ್ದು ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳು ಅಷ್ಟೇ. ಎಲ್ಲವೂ ಕಂಪನಿಯವರು ಪೆಟ್ಟಿಗೆಯಲ್ಲೇ ಹಾಕಿ ಕಳಿಸೋ ಪಾಸ್‌ವರ್ಡ್‌ಗಳು. ಟೆಲ್‌ನೆಟ್ ಬಾಗಿಲು ಬಡಿದು, ಒಂದೊಂದೇ ಹಾಕಿ ನೋಡಿ, ತೆರೆದುಕೊಂಡರೆ ಒಳಹೊಕ್ಕು ಕೂರುತ್ತಿತ್ತು. ಆಮೇಲೆ ಆ ಕ್ಯಾಮೆರಾವೇ ಬೇರೆಯವರ ಬಾಗಿಲು ಬಡಿಯೋಕೆ ಶುರು ಮಾಡ್ತಿತ್ತು.

ಹೀಗೆ ಒಂದು ಹಂತದಲ್ಲಿ ಸುಮಾರು 6 ಲಕ್ಷ ಸಾಧನಗಳು ಅದರ ಕೈಗೆ ಸಿಕ್ಕಿದ್ದವು. 2016ರ ಅಕ್ಟೋಬರ್ 21ರಂದು ಈ ಸೈನ್ಯ ಅಮೆರಿಕದ ಡಿನ್ ಕಂಪನಿಯ ಮೇಲೆ ನುಗ್ಗಿತು. ವೆಬ್‌ಸೈಟ್ ಹೆಸರನ್ನು ಅಡ್ರೆಸ್‌ಗೆ ಬದಲಿಸಿಕೊಡೋ ಕಂಪನಿ ಅದು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ದೊಡ್ಡ ಸೈಟ್‌ಗಳೇ ಹಲವರಿಗೆ ಗಂಟೆಗಟ್ಟಲೆ ಸಿಗಲಿಲ್ಲ.

ಪತ್ತೆ ಹಚ್ಚಿದ್ದೂ ಬಡಿತದ ಗುರುತಿನಿಂದಲೇ. ಮಿರಾಯ್ ಕಳಿಸುತ್ತಿದ್ದ ಮೊದಲ ಸಂದೇಶದಲ್ಲಿ, ಕ್ರಮಸಂಖ್ಯೆ ಇರಬೇಕಾದ ಜಾಗದಲ್ಲಿ ಬಡಿಸಿಕೊಳ್ಳುವವರ ಐಪಿ ಅಡ್ರೆಸ್ಸೇ ಇರುತ್ತಿತ್ತು. ಬಾಗಿಲು ಬಡಿಯೋ ಸದ್ದಿನಲ್ಲೇ ಯಾರು ಬಂದರು ಅಂತ ಹೇಳಿದ ಹಾಗೆ, ಸಂಶೋಧಕರು ಕೋಟ್ಯಂತರ ಬಡಿತಗಳಲ್ಲಿ ಮಿರಾಯ್‌ನದ್ದು ಯಾವುದು ಅಂತ ಬೇರ್ಪಡಿಸಿದರು. ಮಿರಾಯ್ ಪ್ರೋಗ್ರಾಂ ಬರೆದದ್ದು ಅಮೆರಿಕದ ಮೂವರು ಯುವಕರು. 2017ರ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡದ್ದು ಬಹಿರಂಗವಾಯ್ತು, 2018ರಲ್ಲಿ ಅವರಿಗೆ 5 ವರ್ಷದ ಪ್ರೊಬೇಷನ್ ಮತ್ತು 2,500 ಗಂಟೆಗಳ ಸಮುದಾಯ ಸೇವೆಯ ಶಿಕ್ಷೆಯಾಯ್ತು. ಆದರೆ ಪ್ರೋಗ್ರಾಂ ಅನ್ನು ಅವರು ಮೊದಲೇ ಎಲ್ಲರ ಕೈಗೆ ಸಿಗುವಂತೆ ಬಿಟ್ಟಿದ್ದರು. ಅದರ ಮರಿಗಳು ಇವತ್ತಿಗೂ ಬಡಿಯುತ್ತಿವೆ.

ಗಮನಿಸಬೇಕಾದ ಮಾತು ಇದು: ಕ್ಯಾಮೆರಾ ಮಾಲೀಕರಲ್ಲಿ ಎಷ್ಟೋ ಜನರಿಗೆ ಏನೂ ಗೊತ್ತೇ ಆಗಲಿಲ್ಲ. ಕ್ಯಾಮೆರಾ ಎಂದಿನಂತೆ ರೆಕಾರ್ಡ್ ಮಾಡ್ತಾನೇ ಇತ್ತು.

ಕಾವಲು ಕಾಯೋದು ಹೇಗೆ?

ಸರ್ವರ್ ಇಟ್ಟುಕೊಂಡವರು ಫೇಲ್‌ಟುಬ್ಯಾನ್ ಅನ್ನೋ ಉಚಿತ ಪ್ರೋಗ್ರಾಂ ಬಳಸ್ತಾರೆ. ಅದು ಲಾಗ್ ಓದುತ್ತಾ ಕೂತಿರುತ್ತೆ. ಒಂದೇ ಐಪಿಯಿಂದ 10 ನಿಮಿಷದಲ್ಲಿ 5 ಸಲ ತಪ್ಪು ಪಾಸ್‌ವರ್ಡ್ ಬಂದರೆ 10 ನಿಮಿಷ ಆ ಐಪಿಗೆ ಬಾಗಿಲು ಬಂದ್. ಈ ಲೆಕ್ಕವನ್ನು ಬೇಕಾದ ಹಾಗೆ ಬಿಗಿ ಮಾಡಿಕೊಳ್ಳಬಹುದು.

ಒಬ್ಬರು ಬಾಗಿಲು ಹಾಕಿದರೆ ಕಳ್ಳ ಪಕ್ಕದ ಮನೆಗೆ ಹೋಗ್ತಾನೆ. ಅದಕ್ಕೇ ಮಾಹಿತಿ ಹಂಚಿಕೊಳ್ಳೋ ವ್ಯವಸ್ಥೆಗಳು ಬಂದವು. 2000ದಲ್ಲಿ ಶುರುವಾದ ಡಿಶೀಲ್ಡ್ ಬೇರೆಬೇರೆ ಕಡೆಯ ಲಾಗ್‌ಗಳನ್ನು ಒಟ್ಟು ಸೇರಿಸುತ್ತೆ. ಅಬ್ಯೂಸ್‌ಐಪಿಡಿಬಿಯಲ್ಲಿ ಯಾರು ಬೇಕಾದರೂ ಒಂದು ಐಪಿ ಮೇಲೆ ವರದಿ ಹಾಕಬಹುದು, ವರದಿಗಳನ್ನು ನೋಡಿ ಆ ಐಪಿಗೆ 0ಯಿಂದ 100ರವರೆಗೆ ಅಂಕ ಬೀಳುತ್ತೆ. ಕೆಟ್ಟ ಅಂಕ ಇರೋ ಐಪಿಯನ್ನು ಕೆಲವು ವೆಬ್‌ಸೈಟ್‌ಗಳು ಒಳಗೇ ಬಿಡಲ್ಲ, ಇಲ್ಲವೇ ಪದೇ ಪದೇ "ನೀವು ರೋಬೋಟ್ ಅಲ್ಲ ಅಂತ ತೋರಿಸಿ" ಅಂತ ಕೇಳ್ತವೆ. ನಿಮ್ಮ ಕ್ಯಾಮೆರಾ ರಾತ್ರಿಯೆಲ್ಲ ಊರ ಬಾಗಿಲು ಬಡಿದರೆ, ಬೆಳಿಗ್ಗೆ ಕೆಟ್ಟ ಹೆಸರು ಬರೋದು ನಿಮ್ಮ ಲೈನ್‌ಗೆ.

ದೂರು ಕೊಡುವಾಗ ಏನು ಬರೆಯಬೇಕು?

ಪ್ರತಿ ಐಪಿಯೂ ಯಾವ ಕಂಪನಿಯ ಹೆಸರಲ್ಲಿದೆ ಅನ್ನೋದು ಬಹಿರಂಗ ದಾಖಲೆ. 'ಹೂಈಸ್' ಅನ್ನೋ ಹುಡುಕಾಟದಲ್ಲಿ ಕಂಪನಿಯ ಹೆಸರೂ, ದುರ್ಬಳಕೆ ದೂರಿಗೆ ಇಟ್ಟಿರೋ ಇಮೇಲೂ ಸಿಗುತ್ತೆ. ದೂರಿನಲ್ಲಿ ಇರಬೇಕಾದ್ದು ಇಷ್ಟು:

- ಬಡಿದ ಐಪಿ ಮತ್ತು ಅದರ ಪೋರ್ಟ್ ನಂಬರ್
- ಬಡಿಸಿಕೊಂಡ ನಿಮ್ಮ ಐಪಿ
- ಸೆಕೆಂಡ್ ಸಮೇತ ಸಮಯ, ಭಾರತೀಯ ಕಾಲಮಾನ ಅಂತ ಸ್ಪಷ್ಟವಾಗಿ ಬರೆದು
- ಲಾಗ್‌ನ ನಾಲ್ಕೈದು ಸಾಲು, ತಿದ್ದದೆ, ಇದ್ದ ಹಾಗೇ

ಸಮಯ, ಪೋರ್ಟ್ ಯಾಕಿಷ್ಟು ಮುಖ್ಯ? ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಒಂದೇ ಹೊತ್ತಿಗೆ ಎಷ್ಟೋ ಗ್ರಾಹಕರಿಗೆ ಹಂಚಿರುತ್ತವೆ. ಒಂದೇ ವಠಾರದ ಹತ್ತು ಮನೆಗೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಆ ಸೆಕೆಂಡಿನಲ್ಲಿ ಆ ಪೋರ್ಟ್ ಯಾರ ಬಳಿ ಇತ್ತು ಅಂತ ಗೊತ್ತಾದರೆ ಮಾತ್ರ ಸರಿಯಾದ ಮನೆ ಸಿಗುತ್ತೆ.

ಇದೇ ಕಾರಣಕ್ಕೆ, ಐಪಿ ಸಿಕ್ಕ ಕೂಡಲೇ "ಕಳ್ಳ ಸಿಕ್ಕ" ಅನ್ನೋ ಹಾಗಿಲ್ಲ. ಆ ಐಪಿಯ ಹಿಂದೆ ಇರೋದು ಇನ್ನೊಬ್ಬ ಅಂಗಡಿಯವರ ಕೆಟ್ಟುಹೋದ ಡಿವಿಆರ್ ಇರಬಹುದು. ಸಿಟ್ಟಿನಲ್ಲಿ ತಿರುಗಿ ನುಗ್ಗೋಕೆ ಹೋದರೆ ಐಟಿ ಕಾಯ್ದೆಯ 66ನೇ ಕಲಂ ನಿಮಗೇ ಬರುತ್ತೆ: 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಮ್ಮ ದೇಶದಲ್ಲಿ ನಿಯಮ ಏನಿದೆ?

ಇಂಥ ವಿಷಯ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್. 2022ರ ಏಪ್ರಿಲ್ 28ರ ಅದರ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಕಂಪ್ಯೂಟರ್ ಗಡಿಯಾರಗಳನ್ನು ಸರ್ಕಾರಿ ಸಮಯಕ್ಕೆ ಹೊಂದಿಸಬೇಕು. ಗಡಿಯಾರ ಐದು ನಿಮಿಷ ಹಿಂದೆ ಮುಂದೆ ಇದ್ದರೂ ತಪ್ಪು ಮನೆ ಬಾಗಿಲಿಗೆ ಪೊಲೀಸರು ಹೋಗಬಹುದು ಅನ್ನೋದು ಮೇಲಿನ ವಠಾರದ ಲೆಕ್ಕದಿಂದಲೇ ಅರ್ಥವಾಗುತ್ತೆ.

ಸಾಮಾನ್ಯ ಜನರಿಗೆ ಸರ್ಟ್-ಇನ್‌ನ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದೆ. ಅಲ್ಲಿ ವೈರಸ್ ತೆಗೆಯೋ ಸಾಧನಗಳು ಉಚಿತ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇರೆ ಸೈಬರ್ ದೂರುಗಳಿಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್ ಇದೆ, ಜಿಲ್ಲಾ ಕೇಂದ್ರದಲ್ಲಿ ಸೆನ್ ಪೊಲೀಸ್ ಠಾಣೆ ಇದೆ. ಬ್ರಿಟನ್‌ನಲ್ಲಂತೂ 2024ರ ಏಪ್ರಿಲ್ 29ರಿಂದ ಎಲ್ಲ ಪೆಟ್ಟಿಗೆಗೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಇಂಥ ಸಾಧನ ಮಾರೋದೇ ಕಾನೂನುಬಾಹಿರ.

ಅಂಗಡಿಯವರು ಇವತ್ತೇ ಮಾಡಬೇಕಾದ್ದು

1. ಡಿವಿಆರ್ ಪಾಸ್‌ವರ್ಡ್ ಬದಲಿಸಿ. ಕ್ಯಾಮೆರಾ ಹಾಕಿದ ಹುಡುಗ ಇಟ್ಟ ಪಾಸ್‌ವರ್ಡ್ ಬೀದಿಯ ಎಲ್ಲ ಅಂಗಡಿಗೂ ಒಂದೇ ಇರಬಹುದು. ಫೋನ್ ಮಾಡಿ ಕೇಳಿ, ಬದಲಿಸೋದು ಗೊತ್ತಿಲ್ಲದಿದ್ದರೆ ಅವರನ್ನೇ ಕರೆಸಿ ಎದುರಿಗೇ ಮಾಡಿಸಿ.

2. ಆಫ್ ಮಾಡಿ ಆನ್ ಮಾಡೋದರ ಜೊತೆ ಪಾಸ್‌ವರ್ಡೂ ಬದಲಾಗಲಿ. ಮಿರಾಯ್‌ನಂಥದ್ದು ಸಾಧನ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತೆ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಸ್ವಲ್ಪ ಹೊತ್ತಿಗೇ ವಾಪಸ್ ಬರುತ್ತೆ.

3. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ. ಎರಡನ್ನೂ ಬದಲಿಸಿ.

4. "ಮೊಬೈಲ್‌ನಲ್ಲಿ ಕ್ಯಾಮೆರಾ ಕಾಣಲಿ" ಅಂತ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ತೆರೆದಿದ್ದಾರಾ ಕೇಳಿ. ಅಗತ್ಯ ಇಲ್ಲದಿದ್ದರೆ ಮುಚ್ಚಿಸಿ.

5. ಬಿಲ್ಲಿಂಗ್ ಕಂಪ್ಯೂಟರ್‌ನ ರಿಮೋಟ್ ಡೆಸ್ಕ್‌ಟಾಪ್ ನೇರವಾಗಿ ಇಂಟರ್‌ನೆಟ್‌ಗೆ ತೆರೆದಿರಬಾರದು. ಈ ದಾರಿಯಲ್ಲಿ ಬಂದವರು ಲೆಕ್ಕಪತ್ರವನ್ನೆಲ್ಲ ಲಾಕ್ ಮಾಡಿ ದುಡ್ಡು ಕೇಳೋದು ಸಾಮಾನ್ಯ.

6. ಲೆಕ್ಕದ ಒಂದು ಕಾಪಿ ಪೆನ್‌ಡ್ರೈವ್‌ನಲ್ಲಿರಲಿ. ಕಾಪಿ ಆದ ಮೇಲೆ ಕಂಪ್ಯೂಟರ್‌ನಿಂದ ತೆಗೆದಿಡಿ, ಚುಚ್ಚಿಯೇ ಬಿಟ್ಟರೆ ಅದೂ ಲಾಕ್ ಆಗುತ್ತೆ.

ಪಾಸ್‌ವರ್ಡ್ ಉದ್ದ ಇರಲಿ. ಅಂಗಡಿ ಹೆಸರು, ಮೊಬೈಲ್ ನಂಬರ್, ಗಾಡಿ ನಂಬರ್ ಬೇಡ. ಸಂಬಂಧವೇ ಇಲ್ಲದ ನಾಲ್ಕು ಪದ ಸೇರಿಸಿದರೆ ನೆನಪಿಡೋಕೂ ಸುಲಭ, ಊಹಿಸೋಕೂ ಕಷ್ಟ. ಬರೆದಿಡಲೇಬೇಕು ಅಂದ್ರೆ ಗಲ್ಲಾದ ಒಳಗಿನ ಡೈರಿಯಲ್ಲಿ ಬರೆಯಿರಿ, ಡಿವಿಆರ್ ಮೇಲೆ ಚೀಟಿ ಅಂಟಿಸಬೇಡಿ.