ಒಳಗಿದ್ದೂ ಸಿಗದ ಕಬ್ಬಿಣ

1950ರ ಆಸುಪಾಸಿನಲ್ಲಿ ಅಮೆರಿಕದ ಯೂಟಾದಲ್ಲಿ ಕಾರ್ಟ್‌ರೈಟ್, ವಿಂಟ್ರೋಬ್ ಮತ್ತವರ ಸಂಗಡಿಗರು ನಾಯಿಗಳಿಗೆ ಟರ್ಪೆಂಟೈನ್ ಚುಚ್ಚಿ ನೋಡಿದರು. ಚುಚ್ಚಿದ ಜಾಗ ಊದಿಕೊಂಡಿತು, ರಕ್ತದಲ್ಲಿ ಓಡಾಡುವ ಕಬ್ಬಿಣ ಇಳಿಯಿತು. ನಾಯಿಗಳು ರಕ್ತ ಕಳೆದುಕೊಂಡಿರಲಿಲ್ಲ. ಹಾಗಾದರೆ ಕಬ್ಬಿಣ ಹೋದದ್ದೆಲ್ಲಿಗೆ? ಈ ಪ್ರಶ್ನೆಗೆ ತಕ್ಕ ಉತ್ತರ ಸಿಗಲು ಅರ್ಧ ಶತಮಾನವೇ ಬೇಕಾಯಿತು.

ನಮ್ಮ ಮೈಯಲ್ಲಿರುವ ಕಬ್ಬಿಣ ಹೆಚ್ಚೆಂದರೆ 3–4 ಗ್ರಾಂ. ಊಟದಿಂದ ದಿನಕ್ಕೆ ಸೇರುವುದು 1–2 ಮಿಲಿಗ್ರಾಂ ಅಷ್ಟೇ. ಹೊಸ ರಕ್ತಕ್ಕೆ ದಿನವೂ ಬೇಕಾದ 20–25 ಮಿಲಿಗ್ರಾಂನಲ್ಲಿ ಬಹುಪಾಲನ್ನು ಮ್ಯಾಕ್ರೊಫೇಜ್ ಎಂಬ ಕಣಗಳು ಹಳೆಯ ಕೆಂಪು ಕಣಗಳನ್ನು ನುಂಗಿ, ಒಡೆದು, ಮರಳಿ ಹೊರಬಿಡುತ್ತವೆ. ಹೊರಬಿಡುವ ಬಾಗಿಲು ಫೆರೊಪೋರ್ಟಿನ್.

ಆ ಬಾಗಿಲನ್ನು ಹಾಕಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಸಿಕ್ಕಿದ ಬಗೆ ಸ್ವಾರಸ್ಯದ್ದು. 2000–2001ರಲ್ಲಿ ಜರ್ಮನಿಯವರು ರಕ್ತದಲ್ಲಿ, ಲಾಸ್ ಏಂಜಲೀಸ್‌ನ ಥಾಮಸ್ ಗಾನ್ಜ್ ತಂಡದವರು ಮೂತ್ರದಲ್ಲಿ ಇದನ್ನು ಕಂಡಾಗ, ಕ್ರಿಮಿ ಕೊಲ್ಲುವ ಪುಟ್ಟ ಪ್ರೋಟೀನ್ ಎಂದುಕೊಂಡಿದ್ದರು. ಪ್ಯಾರಿಸ್ಸಿನಲ್ಲಿ ಸೋಫಿ ವೋಲೋಂ ತಂಡ ಸಕ್ಕರೆಗೆ ಸಂಬಂಧಿಸಿದ ಬೇರೊಂದು ಜೀನ್ ತೆಗೆದ ಇಲಿಗಳನ್ನು ಸಾಕುತ್ತಿತ್ತು. ಕೊಯ್ದು ನೋಡಿದರೆ ಅವುಗಳ ಯಕೃತ್ತಿನ ತುಂಬ ಕಬ್ಬಿಣ! ಪಕ್ಕದ ಹೆಪ್ಸಿಡಿನ್ ಜೀನೂ ಸುಮ್ಮನಾಗಿತ್ತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. 2004ರಲ್ಲಿ ಎಲಿಜಬೆಟಾ ನೆಮೆತ್ ಹಾಗೂ ಸಹಚರರು ಹೆಪ್ಸಿಡಿನ್ ಫೆರೊಪೋರ್ಟಿನ್‌ಗೆ ಅಂಟಿಕೊಂಡು ಅದನ್ನೇ ಕಣದೊಳಗೆಳೆದು ನಾಶ ಮಾಡಿಸುತ್ತದೆಂದು ತೋರಿಸಿದರು. ಸೋಂಕು, ಉರಿಯೂತ ಹೆಚ್ಚಿದಾಗ ಯಕೃತ್ತು ಹೆಪ್ಸಿಡಿನ್ ಸುರಿಸುತ್ತದೆ. ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕಲ್ಲ, ಅವಕ್ಕೆ ಸಿಗದಂತೆ ದೇಹ ಬಚ್ಚಿಡುತ್ತದೆ.

ಐಸಿಯು ರೋಗಿಗಳಲ್ಲಿ ಸೀರಮ್ ಐರನ್ ತಳ ಸೇರಿ, ಕಬ್ಬಿಣ ಕೂಡಿಡುವ ಪ್ರೋಟೀನಾದ ಫೆರಿಟಿನ್ ಮೇಲೇರಿರುವ ಗುಟ್ಟು ಇದೇ. ಇಂಥ ಹೊತ್ತಿನಲ್ಲಿ ಐರನ್ ಮಾತ್ರೆ ಕೊಟ್ಟರೂ ಕರುಳಿನಿಂದ ಒಳಕ್ಕೆ ದಾಟುವುದು ಅಲ್ಪ. ಕರುಳಿಗೂ ಅದೇ ಬಾಗಿಲು.

ಕಬ್ಬಿಣ ಸಿಗದೆ ರಕ್ತ ಕುಗ್ಗಿದರೆ, ಹೊರಗಿನಿಂದ ರಕ್ತ ಏರಿಸುವುದೇ ಸುಲಭ ಅನ್ನಿಸಬಹುದು. ‘ಎಚ್‌ಬಿ (ಹಿಮೋಗ್ಲೋಬಿನ್) ಹತ್ತಕ್ಕಿಂತ ಇಳಿಯಬಾರದು’ ಎಂಬ ಮಾತು 1942ರಿಂದ ನಡೆದುಬಂದಿತ್ತು. ಅದನ್ನು ಕೆನಡಾದ ಪಾಲ್ ಹೆಬರ್ ನೇತೃತ್ವದ ತಂಡ 838 ಐಸಿಯು ರೋಗಿಗಳಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 1999ರಲ್ಲಿ ಪ್ರಕಟಿಸಿತು. ಏಳಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ ಸಾವು ಹೆಚ್ಚಲಿಲ್ಲ. ಅಂದಿನಿಂದ ಹೆಚ್ಚಿನವರಿಗೆ ಏಳೇ ಗಡಿ.

ಇಷ್ಟೆಲ್ಲದರ ನಡುವೆ ಐಸಿಯುನಲ್ಲಿ ನಾವೇ ಪರೀಕ್ಷೆಗೆಂದು ರಕ್ತ ಬಸಿಯುತ್ತಿರುತ್ತೇವೆ, ಬೆಳಗ್ಗೆ ಒಂದು ಟ್ಯೂಬು, ಸಂಜೆ ಮತ್ತೊಂದು. 2002ರಲ್ಲಿ ಪ್ರಕಟವಾದ ಲೆಕ್ಕದಂತೆ ಯುರೋಪಿನ ಐಸಿಯುಗಳಲ್ಲಿ ಒಬ್ಬ ರೋಗಿಯಿಂದ ದಿನಕ್ಕೆ ಸರಾಸರಿ 41 ಮಿಲಿಲೀಟರ್! 2023ರ ಕೆನಡಾ ಅಧ್ಯಯನದಲ್ಲಿ ಕಡಿಮೆ ರಕ್ತ ಎಳೆಯುವ ಟ್ಯೂಬುಗಳನ್ನು ಬಳಸಿದರೂ ಪರೀಕ್ಷೆಗಳಿಗೆ ರಕ್ತ ಸಾಲದೆ ಹೋಗಲಿಲ್ಲ.