ಮೇಣದಬತ್ತಿ, ಮೃದಂಗ ಮತ್ತು ಡಿಸೆಂಬರ್

ಡಿಸೆಂಬರ್ ಬಂತೆಂದರೆ ಅಬ್ಬಿಗೆರೆಯ ಬೆಳಗಿಗೂ ಸಂಜೆಗೂ ಬೇರೆಯದೇ ಸಡಗರ. ಬೆಳಗಿನ ಜಾವ ಧನುರ್ಮಾಸದ ಪೂಜೆಯ ಗಂಟೆ, ಹುಗ್ಗಿಯ ಪ್ರಸಾದ. ಕತ್ತಲಾಗುತ್ತಲೇ ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಕಾಗದದ ನಕ್ಷತ್ರ, ಬೇಕರಿಯ ಗಾಜಿನ ಹಿಂದೆ ಪ್ಲಮ್ ಕೇಕ್. ಜಾಲಹಳ್ಳಿಯ ಸುತ್ತ ಕಾರ್ಖಾನೆಗಳು ಎದ್ದ ಕಾಲದಿಂದ ನಾನಾ ಊರಿನವರು, ನಾನಾ ಮತದವರು ಬಂದು ನೆಲೆಸಿದ ಸೀಮೆ ಇದು. ಹಬ್ಬ ಒಬ್ಬರದಾದರೂ ಕೇಕು ಎಲ್ಲರದು ಎಂಬುದು ಇಲ್ಲಿ ಹೊಸ ಮಾತಲ್ಲ. ಆದರೆ ಕೇಕಿಗಿಂತ ಹೆಚ್ಚಿನದೇನಾದರೂ ಎಲ್ಲರಿಗೂ ಸಲ್ಲಬಹುದೆ? ಯಾವ ಮತವನ್ನೂ ನಂಬದವರಿಗೂ ಈ ದಿನಗಳಲ್ಲಿ ಹತ್ತು ಜನರ ಜೊತೆ ಕುಳಿತು ಬೆರಗುಪಡಲು, ಹಾಡು ಕೇಳಲು ಜಾಗವುಂಟೆ?

ಲಂಡನ್ನಿನಲ್ಲಿ ಈ ಪ್ರಶ್ನೆಗೆ 2008ರಲ್ಲಿ ಒಂದು ಉತ್ತರ ಸಿಕ್ಕಿತು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಕ್ರಿಸ್‌ಮಸ್ ಹಿಂದಿನ ದಿನ ಬೈಬಲ್ಲಿನ ಒಂಬತ್ತು ಪಾಠಗಳನ್ನು ಓದಿ, ನಡುನಡುವೆ ಕ್ಯಾರಲ್ ಗೀತೆಗಳನ್ನು ಹಾಡುವ ಸಂಪ್ರದಾಯ 1918ರಲ್ಲಿ ಆರಂಭವಾಯಿತು. ಹಾಸ್ಯ ಕಲಾವಿದ ರಾಬಿನ್ ಇನ್ಸ್ ಇದೇ ಚೌಕಟ್ಟನ್ನು ಎತ್ತಿಕೊಂಡು, ‘ದೇವರನ್ನು ನಂಬದವರಿಗೆ ಒಂಬತ್ತು ಪಾಠ, ಕ್ಯಾರಲ್ ಗೀತೆ’ ಎಂಬರ್ಥದ ಹೆಸರಿಟ್ಟು ರಂಗದ ಮೇಲೆ ತಂದರು. ಪಾಠ ಹೇಳಲು ವಿಜ್ಞಾನಿಗಳು, ಹಾಡಲು ಸಂಗೀತಗಾರರು, ನಗಿಸಲು ಹಾಸ್ಯಗಾರರು. ಭೌತವಿಜ್ಞಾನಿ ಬ್ರಯಾನ್ ಕಾಕ್ಸ್ ಅಲ್ಲಿ ಮಾತನಾಡಿದವರಲ್ಲೊಬ್ಬರು.

ಹೆಸರು ಹೊಸದಾದರೂ ಬೇರು ಹಳೆಯದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ 1825ರಲ್ಲೇ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು ಆರಂಭಿಸಿತ್ತು. ಮೈಕೆಲ್ ಫ್ಯಾರಡೆ ಒಬ್ಬರೇ ಅಂಥ 19 ಸರಣಿಗಳನ್ನು ನಡೆಸಿಕೊಟ್ಟರು. ಅವುಗಳಲ್ಲಿ ಹೆಸರಾದದ್ದು ಒಂದು ಸಾಮಾನ್ಯ ಮೇಣದಬತ್ತಿಯ ಕತೆ. ಉರಿಯ ಬಿಸಿಗೆ ಮೇಣ ಕರಗುತ್ತದೆ. ಕರಗಿದ್ದು ಬತ್ತಿಯ ನೂಲೆಳೆಗಳ ನಡುವೆ ಮೇಲೇರುತ್ತದೆ. ಅಲ್ಲಿ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಹಳದಿ ಬೆಳಕು ಕೊಡುವುದು ಉರಿಯೊಳಗೆ ಕಾದು ಹೊಳೆಯುವ ಮಸಿಯ ಕಣಗಳು. ಕೊನೆಗೆ ಉಳಿಯುವುದು ನೀರಿನ ಆವಿ ಮತ್ತು ಇಂಗಾಲದ ಡೈಆಕ್ಸೈಡ್. ನಮ್ಮ ಉಸಿರಿನಲ್ಲಿ ಹೊರಬೀಳುವುದೂ ಇವೇ. ಇಷ್ಟನ್ನೂ ಮಕ್ಕಳ ಕಣ್ಣೆದುರು ಪ್ರಯೋಗ ಮಾಡಿ ತೋರಿಸಿದ ಫ್ಯಾರಡೆ ಸ್ವತಃ ಶ್ರದ್ಧಾವಂತ ಕ್ರೈಸ್ತ. ಆದರೆ ಆ ಮೇಜಿನ ಮುಂದೆ ಮಾತನಾಡಿದ್ದು ಮೇಣದಬತ್ತಿಯೇ ಹೊರತು ಮತವಲ್ಲ. ಕೂರಲು ಯಾರಿಗೂ ನಂಬಿಕೆಯ ಚೀಟಿ ಬೇಕಿರಲಿಲ್ಲ.

ಬೆಂಗಳೂರಿಗೆ ಇಂಥ ಮೇಜು ಅಪರಿಚಿತವಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಡಾ. ಎಚ್. ನರಸಿಂಹಯ್ಯ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ರಚಿಸಿ ಗದ್ದಲ ಎದುರಿಸಿದವರೂ ಇವರೇ. ಪ್ರಶ್ನಿಸದೆ ಏನನ್ನೂ ಒಪ್ಪದಿದ್ದ ಈ ವಿಚಾರವಾದಿ, ಸಂಗೀತ ನೃತ್ಯಗಳಿಗಾಗಿ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಕ್ರಿಸ್‌ಮಸ್‌ಗೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೆ ವಿಜ್ಞಾನವನ್ನು ನೆಚ್ಚಿದವನ ಬದುಕು ರಾಗರಹಿತವಾಗಿರಬೇಕಿಲ್ಲ ಎಂಬುದಕ್ಕೆ ‘ಎಚ್ಚೆನ್’ ಅವರಿಗಿಂತ ಹತ್ತಿರದ ಸಾಕ್ಷಿ ಇನ್ನೊಂದಿಲ್ಲ.

ವಿಜ್ಞಾನ, ಸಂಗೀತ ಎರಡೂ ಒಂದೇ ವಾದ್ಯದಲ್ಲಿ ಕೂಡಿದ ಕತೆಯಂತೂ ಅಬ್ಬಿಗೆರೆಗೆ ಇನ್ನೂ ಸಮೀಪದ್ದು. ಜಾಲಹಳ್ಳಿ, ಯಶವಂತಪುರ ದಾಟಿದರೆ ಸಿಗುವ ಟಾಟಾ ಇನ್‌ಸ್ಟಿಟ್ಯೂಟಿಗೆ ಸರ್ ಸಿ.ವಿ. ರಾಮನ್ 1933ರಲ್ಲಿ ನಿರ್ದೇಶಕರಾಗಿ ಬಂದರು. ಬೆಳಕಿನ ಸಂಶೋಧನೆಗೆ ನೊಬೆಲ್ ಪಡೆದ ರಾಮನ್‌ಗೆ ನಾದದ ಹುಚ್ಚೂ ಇತ್ತು. ಮೃದಂಗದ ಗುಟ್ಟೇನು ಎಂಬ ಪ್ರಶ್ನೆ ಅವರನ್ನು ಕಲ್ಕತ್ತೆಯ ದಿನಗಳಿಂದಲೇ ಕಾಡಿತ್ತು.

ವೀಣೆಯ ತಂತಿ ಮೀಟಿದಾಗ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳೂ ಹೊಮ್ಮುತ್ತವೆ. ಈ ಸರಳ ಲೆಕ್ಕದಿಂದಲೇ ಕಿವಿಗೆ ಇಂಪು. ಬರಿಯ ಚರ್ಮ ಬಿಗಿದ ಡೋಲಿಗೆ ಈ ಲೆಕ್ಕವಿಲ್ಲ. ಅದರ ಮೊದಲ ಉಪಸ್ವರ ಮೂಲದ ಸುಮಾರು 1.59ರಷ್ಟು, ಮುಂದಿನದು 2.14ರಷ್ಟು. ಹೀಗಾಗಿ ಅದರಲ್ಲಿ ಸದ್ದು ಹೆಚ್ಚು, ಸ್ವರ ಕಡಿಮೆ. ಮೃದಂಗದ ಬಲಗಡೆಯ ಮುಚ್ಚಿಗೆಯ ನಡುವೆ ಇರುವ ಕಪ್ಪು ಕರಣೆ ಈ ತಪ್ಪನ್ನು ತಿದ್ದುತ್ತದೆ. ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದು, ಪದರ ಪದರವಾಗಿ ಹಚ್ಚಿ ಉಜ್ಜಿದ ಈ ಕರಣೆಯ ಭಾರದಿಂದ ಚರ್ಮದ ಕಂಪನಗಳು ತಂತಿಯಂತೆಯೇ ಒಂದು, ಎರಡು, ಮೂರು, ನಾಲ್ಕು, ಐದರ ಸಾಲಿಗೆ ಬಂದು ನಿಲ್ಲುತ್ತವೆ. ರಾಮನ್ ಮುಚ್ಚಿಗೆಯ ಮೇಲೆ ನುಣುಪು ಮರಳು ಉದುರಿಸಿ, ನಾದಕ್ಕೆ ತಕ್ಕಂತೆ ಅದು ಗೆರೆಗಟ್ಟುವುದನ್ನು ಕಂಡರು. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೊದಲ ಬಾರಿ ವಿವರಿಸಿದ ಈ ವಿಷಯವನ್ನು, ಬೆಂಗಳೂರಿನಲ್ಲಿ 1934ರಲ್ಲಿ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತಾರವಾಗಿ ಬರೆದರು. ಸೂತ್ರ ಅರಿಯದ ಕುಶಲಕರ್ಮಿಗಳು ಕಿವಿಯೊಂದನ್ನೇ ನಂಬಿ ತಲೆಮಾರುಗಳಿಂದ ಮಾಡುತ್ತಿದ್ದುದರ ಹಿಂದೆ ಇಂಥ ಗಣಿತವಿತ್ತು.

ಇದೆಲ್ಲ ನಂಬುವವರನ್ನು ಅಣಕಿಸಲು ಹೂಡಿದ ಆಟವಲ್ಲವೆ ಎಂದು ಕೆಲವರು ಕೇಳಬಹುದು. ಅಣಕವೇ ಗುರಿಯಾದರೆ ಅಂಥ ಕೂಟ ಒಂದು ವರ್ಷಕ್ಕೇ ಸಪ್ಪೆಯಾದೀತು. ಫ್ಯಾರಡೆಯ ಭಕ್ತಿ ಮೇಣದಬತ್ತಿಯ ಪಾಠಕ್ಕೆ ಅಡ್ಡಬರಲಿಲ್ಲ; ಎಚ್ಚೆನ್ ಅವರ ವಿಚಾರವಾದ ಸಂಗೀತದ ಸವಿಯನ್ನು ಕೆಡಿಸಲಿಲ್ಲ. ಮತ ಬೇರೆಯಾದರೂ ಬೆರಗು ಒಂದೇ ಎಂಬುದನ್ನು ಈ ಇಬ್ಬರೂ ಬಾಳಿ ತೋರಿಸಿದರು.

ಅದಕ್ಕೆ ತಕ್ಕ ಕಾಲವೂ ಇದೇ. ಡಿಸೆಂಬರ್ 21 ಅಥವಾ 22ರಂದು ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು, ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಮರುದಿನದಿಂದ ಸೂರ್ಯ ಉತ್ತರಕ್ಕೆ ಮುಖ ಮಾಡುತ್ತಾನೆ. ಇಂಗ್ಲೆಂಡಿನ ಹಳೆಯ ಪಂಚಾಂಗದಂತೆ ಐಸಾಕ್ ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25ರಂದು. ಹೊಸ ಪಂಚಾಂಗದ ಲೆಕ್ಕದಲ್ಲಿ ಅದು 1643ರ ಜನವರಿ 4. ಯಾವ ಲೆಕ್ಕ ಹಿಡಿದರೂ ಚಳಿಗಾಲದೊಳಗೇ ಬರುತ್ತದೆ. ಅಬ್ಬಿಗೆರೆಯ ಯಾವುದಾದರೂ ಮನೆಯ ತಾರಸಿಯಲ್ಲಿ ಒಂದು ಮೇಣದಬತ್ತಿ, ಒಂದು ಮೃದಂಗ, ಅದರ ಮೇಲೆ ಉದುರಿಸಲು ಒಂದು ಚಿಟಿಕೆ ಮರಳು, ಸುತ್ತ ಕೂರಲು ಬೀದಿಯ ಮಕ್ಕಳು ಇಷ್ಟಿದ್ದರೆ ಹಬ್ಬಕ್ಕೆ ಸಾಕು. ಪಕ್ಕದ ಮನೆಯ ಕಾಗದದ ನಕ್ಷತ್ರ ಅಲ್ಲಿಗೂ ಬೆಳಕು ಕೊಡುತ್ತದೆ.