ಬೆಲ್ಗಾಂ ಬೇರೆ, ಬೆಳಗಾವಿ ಬೇರೆ!

ಬೆಳಗಾವಿ ಬಸ್ಸಿನಲ್ಲಿ ಕೂತು ಯಾರಾದರೂ 'ಬೆಲ್ಗಾಂ ಬಂತಾ?' ಎಂದು ಕೇಳಿದರೆ ಕಂಡಕ್ಟರ್ ತಬ್ಬಿಬ್ಬಾಗುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಅವೆರಡೂ ಬೇರೆ ಬೇರೆ ಊರು. ಎರಡು ಕೋಷ್ಟಕಗಳನ್ನು ಜೋಡಿಸಲು ಹೊರಟಾಗ ಅದರ ಈ ಹಟ ಲೆಕ್ಕವನ್ನೇ ಕೆಡಿಸಬಲ್ಲದು.

ಒಂದು ಕೋಷ್ಟಕದಲ್ಲಿ 2011ರ ಜನಗಣತಿಯಂತೆ ಕರ್ನಾಟಕದ 30 ಜಿಲ್ಲೆಗಳ ಜನಸಂಖ್ಯೆ ಇದೆ ಎನ್ನಿ. ಇನ್ನೊಂದರಲ್ಲಿ ಈಗಿನ 31 ಜಿಲ್ಲೆಗಳ ಆಸ್ಪತ್ರೆಗಳ ಲೆಕ್ಕ. ಎಷ್ಟು ಜನಕ್ಕೆ ಒಂದು ಆಸ್ಪತ್ರೆ ಎಂದು ತಿಳಿಯಲು ಎರಡೂ ಅಂಕಿಗಳು ಒಂದೇ ಸಾಲಿಗೆ ಬರಬೇಕು. ಇದೇ 'ಜಾಯಿನ್'. ಒಂದೇ ಸಂಗತಿಯನ್ನು ಹತ್ತು ಕಡೆ ಬರೆದಿಡದೆ, ಬೇರೆ ಬೇರೆ ಕೋಷ್ಟಕಗಳಲ್ಲಿಟ್ಟು ಬೇಕಾದಾಗ ಜೋಡಿಸಿಕೊಳ್ಳುವ ಈ ಪದ್ಧತಿಗೆ 1970ರಲ್ಲಿ ಗಣಿತದ ಅಡಿಪಾಯ ಹಾಕಿದವರು ಐಬಿಎಂನ ಎಡ್ಗರ್ ಕಾಡ್. ಇಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 'ಪಾಂಡಾಸ್' ಸಲಕರಣೆಯಲ್ಲಿ 'ಮರ್ಜ್' ಎಂಬ ಒಂದೇ ಆಜ್ಞೆಗೆ ಈ ಕೆಲಸ ಮುಗಿಯುತ್ತದೆ.

ಪ್ರತಿ ಹೆಸರನ್ನೂ ಆಚೆ ಪಟ್ಟಿಯ ಎಲ್ಲ ಹೆಸರುಗಳೊಂದಿಗೆ ಹೋಲಿಸಿದರೆ 930 ಹೋಲಿಕೆಗಳಾಗುತ್ತವೆ. ಎರಡೂ ಕಡೆ ಲಕ್ಷ ಸಾಲುಗಳಿದ್ದರೆ ಸಾವಿರ ಕೋಟಿ! ಅದಕ್ಕೇ ಕಂಪ್ಯೂಟರು ಅಂಚೆ ಕಚೇರಿಯ ಉಪಾಯ ಮಾಡುತ್ತದೆ. ಹೆಸರಿನ ಅಕ್ಷರಗಳಿಂದ ಒಂದು ಸಂಖ್ಯೆ ಲೆಕ್ಕಹಾಕಿ, ಆ ಸಂಖ್ಯೆಯ ಗೂಡಿಗೆ ಸಾಲನ್ನು ಹಾಕಿಡುತ್ತದೆ. ಜೊತೆ ಹುಡುಕುವಾಗ ಆ ಒಂದು ಗೂಡನ್ನು ಇಣುಕಿದರೆ ಸಾಕು. ಆದರೆ ಒಂದಕ್ಷರ ಬದಲಾದರೂ, ಕೊನೆಯಲ್ಲಿ ಕಾಣದ ಒಂದು ಖಾಲಿ ಜಾಗ ಸೇರಿದರೂ ಗೂಡು ತಪ್ಪುತ್ತದೆ. 'ಹೆಚ್ಚುಕಡಿಮೆ ಅದೇ' ಎಂಬ ಮಾತು ಇಲ್ಲಿ ನಡೆಯದು.

2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ಶಿವಮೊಗ್ಗ ಸೇರಿ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಜನಗಣತಿಯ ಕಡತದಲ್ಲಿರುವುದು ಹಳೆಯವೇ. ಹೆಸರಿನ ಆಧಾರದಲ್ಲಿ 'ಇನ್ನರ್ ಜಾಯಿನ್' ಮಾಡಿದರೆ, ಜೊತೆ ಸಿಗದ ಜಿಲ್ಲೆಗಳು ಸದ್ದಿಲ್ಲದೆ ಉದುರಿಹೋಗುತ್ತವೆ. ತಪ್ಪಾಯಿತೆಂಬ ಸೂಚನೆಯೂ ಬರುವುದಿಲ್ಲ. 'ಲೆಫ್ಟ್ ಜಾಯಿನ್' ಮಾಡಿದರೆ ಎಡಗಡೆಯ ಸಾಲುಗಳೆಲ್ಲ ಉಳಿದು, ಸಿಗದ ಕಡೆ ಖಾಲಿ ಬಿಡುತ್ತದೆ. ತಪ್ಪು ಕಣ್ಣಿಗಾದರೂ ಬೀಳುತ್ತದೆ.

ಹೆಸರು ಬಿಟ್ಟು ಜನಗಣತಿಯ ಸಂಕೇತ ಸಂಖ್ಯೆ ಹಿಡಿಯೋಣವೇ? ಬೆಳಗಾವಿಗೆ 555, ಕಾಗುಣಿತದ ಗೊಡವೆಯಿಲ್ಲ. ಆದರೆ 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾಯಿತು. ಹೊಸ ಪಟ್ಟಿಯಲ್ಲಿ ಎರಡಕ್ಕೂ ಹಳೆಯ ಬಳ್ಳಾರಿಯ ಸಂಕೇತ ಕೊಟ್ಟಿದ್ದರೆ, ಅಖಂಡ ಬಳ್ಳಾರಿಯ 24.5 ಲಕ್ಷ ಜನ ಎರಡು ಸಾಲುಗಳಲ್ಲೂ ಬಂದು ಕೂರುತ್ತಾರೆ.

ಆದ್ದರಿಂದ ಜೋಡಿಸಿದ ಮೇಲೆ ಮೊದಲು ಮೊತ್ತ ನೋಡಬೇಕು. ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ 6.11 ಕೋಟಿ. ಕಡಿಮೆ ಬಂದರೆ ಯಾವುದೋ ಜಿಲ್ಲೆ ಉದುರಿದೆ, ಹೆಚ್ಚಾದರೆ ಯಾವುದೋ ಇಮ್ಮಡಿಯಾಗಿದೆ. ಹಾಗೆಂದು ಮೊತ್ತ ಸರಿಬಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಒಂದು ಕಡೆ ಉದುರಿದ್ದು, ಇನ್ನೊಂದು ಕಡೆ ಹೆಚ್ಚಿದ್ದು ಸೇರಿ ತಪ್ಪನ್ನು ಮುಚ್ಚಿಡಬಹುದು. ಸಾಲುಗಳನ್ನೂ ಎಣಿಸಿ. ಬೆಲ್ಗಾಂ ಎಂದರೆ ಬೆಳಗಾವಿಯೇ ಎಂದು ಕಂಡಕ್ಟರ್‌ಗೆ ಗೊತ್ತು. ಕಂಪ್ಯೂಟರಿಗೆ ಅದನ್ನು ನಾವೇ ಬರೆದುಕೊಡಬೇಕು.